ಒಳ ತಪಾಸಣಿ ವ್ಯಾಳ್ಯಾದಾಗ ಅತ್ತಿ ಜೋಡಿ ಇದ್ದರ ಸಾಕೇನ್ರಿ?

ಜಮಖಂಡಿ ಓಪಿಡಿ: ಸಣ್ಣ ನರ್ಸಿಂಗ್ ಹೋಂ. ಡಾಕ್ಟರ್ ಗಂಡಸರು, ಸಂಜಿಗೆ ಸಿಸ್ಟರ್ ಒಬ್ಬರೇ. ಒಳ ತಪಾಸಣಿಗೆ (ಹೆಣ್ಣುಮಕ್ಕಳ ಗುಪ್ತಾಂಗದ ಒಳಗ ನೋಡೂದಕ್ಕ) ಪೇಷಂಟ್ ಜೋಡಿ ಬಂದ ಅತ್ತಿನ್ನೋ ಅಕ್ಕನ್ನೋ ನಿಲ್ಲಿಸಿದರ ನಡಿತೈತೇನ್ರಿ? ಕೇಸ್ ಪೇಪರಿನ್ಯಾಗ ಏನು ಬರೀಬೇಕು?

ವಿಜಯಪುರ ಸಿಸ್ಟರ್: ಅತ್ತಿ ಧೈರ್ಯಕ್ಕ ಇರಲಿ, ಅದೂ ಪೇಷಂಟ್ ಬೇಕಂದರ ಅಷ್ಟ. ಸಾಕ್ಷಿಗೆ ಆಸ್ಪತ್ರಿ ಹೆಣ್ಣುಮಗಳೇ ಬೇಕು. ಡಾಕ್ಟರ್ ಮಾಡೂದು ಸರಿ ಐತೋ ಇಲ್ಲೋ ಮನಿಯವರಿಗೆ ತಿಳಿಯೂದಿಲ್ಲ. ಇನ್ನ ಅತ್ತಿ ಮುಂದ ಸೊಸಿ ಬಿಳಿ ಸೆರಗು, ಹಿಂದಿನ ಗರ್ಭಪಾತ, ಗಂಡ ಹೊಡದದ್ದು ಏನೂ ಬಾಯಿ ಬಿಡೂದಿಲ್ಲ. ಅದಕ್ಕ ಅತ್ತಿನ್ನ ಹೊರಗ ಕೂಡಿಸಿ ಮೊದಲ ಮಾತಾಡಸ್ರಿ, "ಯಾರು ಜೋಡಿ ಇರಬೇಕವ್ವಾ?" ಅಂತ ಆಕಿನ್ನಷ್ಟ ಕೇಳ್ರಿ.

ಸಿಸ್ಟರ್ ನಿಲ್ಲೂದು ಪಡದೆ ಒಳಗ, ತಲಿ ಕಡೆ. ಪೇಷಂಟ್ ಮುಖಾನೂ ಡಾಕ್ಟರ್ ಕೈನೂ ಕಾಣಬೇಕು. ಮೂತ್ರಕ್ಕ ಹೋಗಿ ಬಂದಿರಲಿ, ಬಟ್ಟಿ ಬಿಚ್ಚುವಾಗ ಆಕಿ ಒಬ್ಬಾಕಿನೇ ಇರಲಿ, ಸೊಂಟದಿಂದ ಮೊಣಕಾಲತನಕ ಚಾದರ ಹೊಚ್ಚರಿ. ಆಕಿ "ಸಾಕು" ಅಂದರ, ಇಲ್ಲಾ ತೊಡಿ ಬಿಗಿ ಮಾಡಿದರ, ಸಿಸ್ಟರ್ ಅಲ್ಲೇ ಹೇಳಿ ನಿಲ್ಲಿಸಬೇಕು.

ಹೆಚ್ಚಾಗಿ ಕೆಡೂದು ಟ್ರೇದಾಗ. ಸ್ಲೈಡ್ (ಸ್ಯಾಂಪಲ್ ಹಚ್ಚೂ ಗಾಜಿನ ಪಟ್ಟಿ) ಮರತಿರತಾರ, ತರಾಕ ಸಿಸ್ಟರ್ ಹೊರಗ ಹೋಗತಾರ, ತಪಾಸಣಿ ನಡದೇ ಇರತೈತಿ. ಕೈಗವಸು, ಸ್ಪೆಕ್ಯುಲಂ (ಒಳಗ ಅಗಲ ಮಾಡಿ ನೋಡೂ ಸಾಧನ), ಸ್ಲೈಡ್ ಎಲ್ಲಾ ಮೊದಲೇ ಇಟಗೋರಿ.

ಬೆಳಗಾವಿ ಡಾಕ್ಟರ್: ಕೇಸ್ ಪೇಪರಿನಲ್ಲಿ ತಪಾಸಣೆಯ ಕಾರಣ, ರೋಗಿ ಒಪ್ಪಿದ್ದು, ಜೊತೆಗಿದ್ದವರ ಪೂರ್ತಿ ಹೆಸರು, ಹುದ್ದೆ, ವೇಳೆ ಬರೆಯಿರಿ. 'ಸಿಸ್ಟರ್ ಇದ್ದರು' ಎಂದಷ್ಟೇ ಬರೆದರೆ ವರ್ಷದ ಮೇಲೆ ಯಾರೆಂದು ತಿಳಿಯದು. ರೋಗಿಯೇ ಯಾರೂ ಬೇಡವೆಂದರೆ ಅದನ್ನೂ ಬರೆಯಿರಿ. ಡಾಕ್ಟರಿಗೆ ಅದು ಸರಿಬರದಿದ್ದರೆ, ತುರ್ತಿಲ್ಲದಿದ್ದರೆ, ಲೇಡಿ ಡಾಕ್ಟರ್ ಹತ್ತಿರ ಕಳಿಸಲಿ. ರಕ್ತಸ್ರಾವ ಜೋರಾಗಿದ್ದರೆ ಮಾತ್ರ ಕಾಯಬಾರದು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಪತ್ರದ ಪ್ರಕಾರ, ಗಂಡು ವೈದ್ಯರು ಹೆಣ್ಣುಮಕ್ಕಳನ್ನು ತಪಾಸಣೆ ಮಾಡುವಾಗ ಇನ್ನೊಬ್ಬ ಹೆಂಗಸು ಇರುವುದು ರೋಗಿಯ ಹಕ್ಕು, ವ್ಯವಸ್ಥೆ ಆಸ್ಪತ್ರೆಯ ಹೊಣೆ. ಸಿಬ್ಬಂದಿ ಕಡಿಮೆ ಎಂಬ ನೆಪ ನಡೆಯದು. ಆಯಾಗೆ ಕಲಿಸಿ, ಇಂಥ ರೋಗಿಗಳನ್ನೆಲ್ಲ ಒಂದೇ ತಾಸಿಗೆ ಕರೆಯಿರಿ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣವಾದರೆ ಲೆಕ್ಕವೇ ಬೇರೆ: 2012ರ ಕಾಯ್ದೆಯ 27ನೇ ಕಲಮಿನಂತೆ ಬಾಲಕಿಯ ತಪಾಸಣೆ ಮಹಿಳಾ ವೈದ್ಯರೇ ಮಾಡಬೇಕು, ತಂದೆತಾಯಿ ಅಥವಾ ಮಗು ನಂಬುವವರು ಎದುರಿಗಿರಬೇಕು. ಅವರಿಲ್ಲದಿದ್ದರೆ ಆಸ್ಪತ್ರೆ ಮುಖ್ಯಸ್ಥರು ಒಬ್ಬ ಮಹಿಳೆಯನ್ನು ಗೊತ್ತುಮಾಡಬೇಕು.

ಇಳಕಲ್ ಇಸಿಜಿ: ಇಸಿಜಿನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ ನೋಡ್ರಿ. ವಿ4 ಲೀಡ್ (ಎದಿಗೆ ಹಚ್ಚೂ ತಂತಿಗಳಾಗ ನಾಕನೇದು) ಐದನೇ ಪಕ್ಕೆಲುಬಿನ ಸಂದಿನ್ಯಾಗ, ಎಡ ಮೊಲಿ ಕೆಳಗ ಬರತೈತಿ. ಸಂಕೋಚಕ್ಕ ಮ್ಯಾಲ ಹಚ್ಚಿದರ ಗ್ರಾಫ್ ಬದಲಾಗತೈತಿ. ಪೇಷಂಟೇ ತನ್ನ ಕೈಲೆ ಎತ್ತಿ ಹಿಡೀಲಿ. ಆಗದಿದ್ದರ ಟೆಕ್ನಿಷಿಯನ್ ಹೇಳಿ, ಅಂಗೈ ಬಿಟ್ಟು ಕೈ ಬೆನ್ನಿಲೆ ಎತ್ತಲಿ. ಅಲ್ಲೂ ಹೆಣ್ಣುಮಗಳೊಬ್ಬಾಕಿ ನಿಲ್ಲಬೇಕು, ಮೊಬೈಲ್ ಎಲ್ಲಾ ಹೊರಗ ಇಡಬೇಕು. ಹೈಡ್ರೋಸಿಲ್ (ವೃಷಣದ ಚೀಲದಾಗ ನೀರು ತುಂಬೂದು), ಗುದದ್ವಾರದ ತಪಾಸಣಿ ಇದ್ದರ ಗಂಡಸರಿಗೂ ಜೋಡಿ ಯಾರು ಬೇಕಂತ ಕೇಳ್ರಿ.