ವೆಂಡರ್ ಮಾಸ್ಟರ್‌ಗೆ ಜಿಎಸ್‌ಟಿಐಎನ್ ಅನ್ನೇ ಪ್ರೈಮರಿ ಕೀ ಮಾಡಬಹುದೇ?

ಸ್ಕೀಮಾ_ಕೆಲಸ:
ಇಆರ್‌ಪಿ (ಕಂಪನಿಯ ಎಲ್ಲ ವಿಭಾಗಗಳ ಕೆಲಸ ನಡೆಸುವ ಸಾಫ್ಟ್‌ವೇರ್), ಖರೀದಿ ಪೋರ್ಟಲ್, ಹಳೆಯ ಅಕೌಂಟಿಂಗ್ ಸಾಫ್ಟ್‌ವೇರ್ ಮೂರರ ವೆಂಡರ್ ಪಟ್ಟಿಯನ್ನೂ ಒಂದೇ ಎಂಟರ್‌ಪ್ರೈಸ್ ಮಾಡೆಲ್‌ಗೆ ತರಬೇಕಿದೆ. ಒಬ್ಬರೇ ವೆಂಡರ್‌ಗೆ ಮೂರು ಕಡೆ ಮೂರು ಕೋಡ್. ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಅನ್ನೇ ಪ್ರೈಮರಿ ಕೀ (ಟೇಬಲ್‌ನ ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಮಾಡೋಣ ಅಂತ ತಂಡದಲ್ಲಿ ಮಾತಾಗಿದೆ. ಮುಂದೆ ಏನು ತೊಂದರೆ ಬರಬಹುದು? ಬ್ಯಾಂಕ್ ವಿವರ ಬದಲಾದಾಗ ಹಳೆಯದನ್ನು ಹೇಗೆ ಉಳಿಸಿಕೊಳ್ಳೋದು?

ಕೋಷ್ಟಕ29:
ಖಂಡಿತ ಬೇಡ. ಜಿಎಸ್‌ಟಿಐಎನ್ ಗುರುತಿಸೋದು ಒಂದು ನೋಂದಣಿಯನ್ನು, ವೆಂಡರ್ ಅನ್ನಲ್ಲ. ಅದರ 15 ಅಕ್ಷರ ಬಿಡಿಸಿ ನೋಡಿ: ಮೊದಲ 2 ರಾಜ್ಯದ ಕೋಡ್, ನಂತರದ 10 ಪ್ಯಾನ್, 13ನೆಯದು ಆ ರಾಜ್ಯದಲ್ಲಿ ಆ ಪ್ಯಾನ್‌ಗೆ ಅದು ಎಷ್ಟನೇ ನೋಂದಣಿ ಅನ್ನೋದು. ಹುಬ್ಬಳ್ಳಿಯಲ್ಲೂ ಹೊಸೂರಿನಲ್ಲೂ ಗೋದಾಮು ಇರುವ ಕಂಪನಿಗೆ 29ರಿಂದ ಒಂದು, 33ರಿಂದ ಒಂದು ನಂಬರ್ ಇರುತ್ತೆ. ನಿಮ್ಮ ಮಾಡೆಲ್‌ನಲ್ಲಿ ಅವರು ಇಬ್ಬರು ವೆಂಡರ್ ಆಗಿಬಿಡ್ತಾರೆ, ಒಟ್ಟು ಖರೀದಿಯ ವರದಿ ಅಲ್ಲೇ ಒಡೆಯುತ್ತೆ. ನೋಂದಣಿ ಇಲ್ಲದ ಸಣ್ಣವರಿಗೆ, ಹೊರದೇಶದವರಿಗೆ ಕೀ ಏನು ಕೊಡ್ತೀರಿ? ಡೇಟಾ ಎಂಟ್ರಿಯವರು ಸೊನ್ನೆ ತುಂಬಿಸೋಕೆ ಶುರು ಮಾಡ್ತಾರೆ.

ಪ್ಯಾನ್ ಕೂಡ ಸಾಲದು. ಅದರ ನಾಲ್ಕನೇ ಅಕ್ಷರ ‘ಪಿ’ ಇದ್ದರೆ ಅದು ವ್ಯಕ್ತಿಯದು. ಒಬ್ಬರೇ ಆ ಪ್ಯಾನ್ ಮೇಲೆ ಎರಡು ಹೆಸರಿನ ವ್ಯಾಪಾರ ನಡೆಸಬಹುದು. ಅದೇ ಅಂಗಡಿ ಪಾಲುದಾರಿಕೆಯಾದರೆ ಪ್ಯಾನೂ ಹೊಸದು, ಜಿಎಸ್‌ಟಿಐಎನೂ ಹೊಸದು.

‘ಪಾರ್ಟಿ’ ಅಂತ ಒಂದು ಟೇಬಲ್ ಮಾಡಿ, ಕೀ ಯಾವ ಅರ್ಥವೂ ಇಲ್ಲದ ಬಿಗ್‌ಇಂಟ್ (ದೊಡ್ಡ ಪೂರ್ಣಾಂಕ) ನಂಬರ್ ಇರಲಿ. ಪಾತ್ರ, ತೆರಿಗೆ ನೋಂದಣಿ, ವಿಳಾಸ, ಬ್ಯಾಂಕ್ ಖಾತೆ ನಾಲ್ಕೂ ಬೇರೆ ಬೇರೆ ಟೇಬಲ್. ಇಂದಿನ ವೆಂಡರ್ ನಾಳೆ ಗ್ರಾಹಕನೂ ಆಗಬಹುದು, ಅದಕ್ಕೇ ಪಾತ್ರ ಬೇರೆ. ಮೂಲ ಸಿಸ್ಟಮ್, ಅಲ್ಲಿನ ಕೋಡ್, ಪಾರ್ಟಿ ಕೀ ಇರುವ ಕ್ರಾಸ್ ರೆಫರೆನ್ಸ್ ಟೇಬಲ್ ಮೊದಲ ದಿನದಿಂದಲೇ ಬೇಕು.

ದಿನಾಂಕ_ಮುಖ್ಯ:
ಹಳೆಯ ವಿವರದ ಬಗ್ಗೆ. ಬ್ಯಾಂಕ್ ಸಾಲನ್ನು ಯಾವತ್ತೂ ಅಪ್‌ಡೇಟ್ ಮಾಡಬೇಡಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು, ಅದರ ಹಳೆಯ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ನಿಂತಿತು. ಅದರ ಮೇಲೇ ಹೊಸ ಕೋಡ್ ಬರೆದಿದ್ದರೆ 2019ರ ಪಾವತಿ ಯಾವ ಕೋಡ್‌ಗೆ ಹೋಯಿತು ಅಂತ ಆಡಿಟರ್‌ಗೆ ತೋರಿಸೋಕಾಗಲ್ಲ. ಪ್ರತಿ ಸಾಲಿಗೂ ‘ಇಂದ’, ‘ವರೆಗೆ’ ಅಂತ ಎರಡು ದಿನಾಂಕದ ಕಾಲಂ ಇಟ್ಟು, ಹಳೆಯ ಸಾಲು ಮುಚ್ಚಿ, ಹೊಸದು ತೆರೆಯಿರಿ. ನಡೆಯುತ್ತಿರುವ ಸಾಲಿನ ‘ವರೆಗೆ’ಗೆ 9999-12-31 ಹಾಕಿ.

ಇಲ್ಲಿ ತುಂಬ ಜನ ಎಡವೋದು ಬಿಟ್ವೀನ್ (ಎರಡೂ ತುದಿಯ ದಿನಾಂಕ ಸೇರಿಸಿ ಹುಡುಕುವ ಎಸ್‌ಕ್ಯೂಎಲ್ ಪದ) ಬಳಸಿ. ಹಳೆಯ ಸಾಲಿನ ‘ವರೆಗೆ’, ಹೊಸ ಸಾಲಿನ ‘ಇಂದ’ ಎರಡೂ ಜುಲೈ 1 ಆಗಿದ್ದರೆ ಆ ದಿನಕ್ಕೆ ಎರಡು ಸಾಲು ಸಿಗುತ್ತೆ, ಜಾಯಿನ್‌ನಲ್ಲಿ (ಬೇರೆ ಟೇಬಲ್ ಜೊತೆ ಜೋಡಿಸಿದಾಗ) ಮೊತ್ತ ದುಪ್ಪಟ್ಟಾಗುತ್ತೆ. ‘ಇಂದ’ ಸೇರಿಸಿ, ‘ವರೆಗೆ’ ಬಿಟ್ಟು ಹೋಲಿಸಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದರೆ ಡೇಟ್‌ರೇಂಜ್ (ದಿನಾಂಕದ ಅವಧಿ) ಮೇಲೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಹಾಕಿ, ಒಂದರ ಮೇಲೊಂದು ಬೀಳುವ ಅವಧಿಯನ್ನು ಡೇಟಾಬೇಸೇ ತಡೆಯುತ್ತೆ. ಬದಲಾವಣೆ 10ನೇ ತಾರೀಖಿಗೆ ಆಗಿ ನಿಮಗೆ 25ಕ್ಕೆ ತಿಳಿಯೋದುಂಟು; ನೋಂದಣಿಗೂ ಬ್ಯಾಂಕ್‌ಗೂ ‘ನಮಗೆ ತಿಳಿದ ದಿನ’ ಇನ್ನೊಂದು ಕಾಲಂ ಇರಲಿ. ಫೋನ್ ನಂಬರ್‌ಗೆ ಇಷ್ಟೆಲ್ಲ ಬೇಡ.

ಸ್ಕೀಮಾ_ಕೆಲಸ:
ಧನ್ಯವಾದ. ಪ್ಯಾನ್ ಇಲ್ಲದವರನ್ನು ಹೆಸರಿನ ಮೇಲೆ ಒಂದುಗೂಡಿಸಲು ಸೌಂಡೆಕ್ಸ್ (ಇಂಗ್ಲಿಷಿನಲ್ಲಿ ಬರೆದ ಹೆಸರಿಗೆ ಉಚ್ಚಾರಣೆಯ ಮೇಲೆ ಕೋಡ್ ಕೊಡುವ ವಿಧಾನ) ಸಾಕಾ?

ಕೋಷ್ಟಕ29:
ಸಾಲದು. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ‘ಕೆಎಸ್‌ಎಚ್’ ಹಾಕಿ ಬರೆದರೂ ‘ಎಕ್ಸ್’ ಹಾಕಿ ಬರೆದರೂ ಒಂದೇ ಕೋಡ್ ಬರುತ್ತೆ, ಅಲ್ಲಿವರೆಗೆ ಸರಿ. ಆದರೆ ಸೌಂಡೆಕ್ಸ್ ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಳ್ಳುತ್ತೆ. ಜ್ಞಾನೇಶ್ವರ ಒಂದು ಕಡೆ ‘ಜೆ’ಯಿಂದ, ಇನ್ನೊಂದು ಕಡೆ ‘ಜಿ’ಯಿಂದ ಶುರುವಾದರೆ ಎಂದಿಗೂ ಸೇರಲ್ಲ. ಮೊದಲು ಟ್ರೇಡರ್ಸ್, ಎಂಟರ್‌ಪ್ರೈಸಸ್ ಥರದ ಪದ ತೆಗೆದು, ಇಂಥ ಜೋಡಿಗಳಿಗೆ ನಿಮ್ಮದೇ ನಿಯಮದ ಟೇಬಲ್ ಮಾಡಿ. ಹೆಸರಿನ ಜೊತೆ ಪಿನ್‌ಕೋಡೋ ಖಾತೆ ನಂಬರೋ ಹೊಂದದಿದ್ದರೆ ತಾನಾಗಿ ವಿಲೀನ ಮಾಡಬೇಡಿ, ಮನುಷ್ಯರೇ ನೋಡಲಿ. ವಿಲೀನವಾದ ಕೀಯನ್ನು ಅಳಿಸದೆ ಉಳಿದ ಕೀಗೆ ತೋರಿಸಿ, ತಪ್ಪಾಗಿದ್ದರೆ ಮತ್ತೆ ಬಿಡಿಸಬೇಕಾಗುತ್ತೆ.