ಅಕ್ಕನ ಮಗನಿಗೆ ಸಿಐಡಿಯ ಒಂದೇ ಒಂದು ಎಪಿಸೋಡ್ ತೋರಿಸಬೇಕು, ಯಾವುದು ತೋರಿಸಲಿ?

ಬ್ರಹ್ಮಪುರದಾಕಿ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಸೋನಿ ಟಿವಿಯ ಹಿಂದಿ ಪತ್ತೇದಾರಿ ಸೀರಿಯಲ್ ಸಿಐಡಿಯನ್ನು ಮನಸ್ಸಿಟ್ಟು ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಅಕ್ಕನ ಮಗ ಪಿಯುಸಿ ಮುಗಿಸಿ ರಜೆಗೆ ನಮ್ಮ ಮನೆಗೆ ಬಂದಿದ್ದಾನೆ. ಅವನಿಗೆ ಸಿಐಡಿ ಅಂದ್ರೆ ಮೊಬೈಲಿನಲ್ಲಿ ಓಡಾಡುವ ಅರ್ಧ ನಿಮಿಷದ ತುಣುಕು ಅಷ್ಟೇ. ತಂಡದ ಮುಖ್ಯಸ್ಥ ಎಸಿಪಿ ಪ್ರದ್ಯುಮನ್ ಬೆರಳು ತಿರುಗಿಸುವುದು, 'ಕುಛ್ ತೋ ಗಡ್‌ಬಡ್ ಹೈ' ಅನ್ನುವುದು, ಇನ್ಸ್‌ಪೆಕ್ಟರ್ ದಯಾ ಬಾಗಿಲು ಒಡೆಯುವುದು. "ಮೌಶಿ, ಇದನ್ನ ಇಷ್ಟು ವರ್ಷ ಹ್ಯಾಂಗ ನೋಡಿದ್ರಿ?" ಅಂತ ಕೇಳಿದ. ಕೆಣಕಲು ಕೇಳಿದ್ದಲ್ಲ, ಅವನಿಗೆ ಖರೇನೇ ತಿಳಿದಿಲ್ಲ. ಪೂರ್ತಿ ಒಂದು ಕಥೆ ಕೂತು ನೋಡಿದರೆ ತಿಳಿಯುತ್ತದೆ ಅಂತ ನನ್ನ ನಂಬಿಕೆ. ಸಾವಿರದೈನೂರಕ್ಕೂ ಜಾಸ್ತಿ ಎಪಿಸೋಡ್‌ನಲ್ಲಿ ಆ ಒಂದು ಯಾವುದು?

ನನಗೆ ಯಾಕೆ ಇಷ್ಟ ಅಂತ ಹೇಳಿಬಿಡುತ್ತೇನೆ. ಆಗ ನಿಮಗೂ ಆರಿಸುವುದು ಸುಲಭ ಆಗುತ್ತದೆ.

ಸಿಐಡಿ ಶುರುವಾಗಿದ್ದು 1998ರ ಜನವರಿ 21ಕ್ಕೆ. ಆಗ ನಮ್ಮೂರು ಇನ್ನೂ ಗುಲ್ಬರ್ಗಾ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಬಜಾರಿನಲ್ಲಿ ಎರಡೂ. ಹಿಂದಿ ಸೀರಿಯಲ್ ನಮಗೆ ಬೇರೆಯವರದ್ದು ಅಂತ ಅನಿಸಲೇ ಇಲ್ಲ. ನಮ್ಮ ಅವ್ವನಿಗೆ ಹಿಂದಿ ಓದಲು ಬರುತ್ತಿರಲಿಲ್ಲ, ಆದರೆ ತಂಡದ ಇನ್ಸ್‌ಪೆಕ್ಟರ್ ಅಭಿಜೀತ್ ಯಾರ ಮೇಲೆ ಸಂಶಯಪಟ್ಟಿದ್ದಾನೆ ಅಂತ ಎಲ್ಲರಿಗಿಂತ ಮೊದಲು ಅವಳೇ ಹೇಳುತ್ತಿದ್ದಳು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರು ಸಿಐಡಿ ಮುಗಿದ ಮೇಲೇ ಹಾಸಿಗೆ ಎತ್ತಿಕೊಂಡು ಮೇಲೆ ಹೋಗುತ್ತಿದ್ದರು. ನಡುವೆ ಕರೆಂಟ್ ಹೋಯಿತು ಅಂದ್ರೆ, ಕೊಲೆ ಮಾಡಿದ್ದು ಯಾರು ಅಂತ ಮರುದಿನ ನಳದ ಹತ್ತಿರ ವಿಚಾರಿಸಬೇಕಿತ್ತು. ಇನ್ನೊಂದು ಓಣಿಯಲ್ಲಿ ಕರೆಂಟ್ ಇದ್ದವರು ಯಾರಾದರೂ ಹೇಳುತ್ತಿದ್ದರು.

ಕಥೆ ಹೇಗೆ ಶುರುವಾಗುತ್ತಿತ್ತು ನೆನಪು ಮಾಡಿಕೊಳ್ಳಿ. ಎಲ್ಲೋ ಒಂದು ಹೆಣ ಸಿಗುತ್ತದೆ. ಬಹಳ ಸಲ ಅದಕ್ಕೆ ಹೆಸರೇ ಇರುವುದಿಲ್ಲ. ಕೊಂದವನನ್ನು ಹುಡುಕುವ ಮೊದಲು ತಂಡ ಕೇಳುವ ಪ್ರಶ್ನೆ ಒಂದೇ: ಇವರು ಯಾರು? ಚಪ್ಪಲಿಗೆ ಹತ್ತಿದ ಮಣ್ಣು, ಅಂಗಿಯ ಟೇಲರ್ ಗುರುತು, ಜೇಬಿನಲ್ಲಿ ಮುದುರಿದ ಒಂದು ರಸೀತಿ. ಅಷ್ಟರ ಮೇಲೆ ಊರೆಲ್ಲಾ ತಿರುಗಿ ಹೆಸರು ತರುತ್ತಾರೆ. ಹೆಸರು ಸಿಕ್ಕ ಮೇಲೆ ಅವರ ಮನೆ, ಅವರ ಜನ, ಅವರ ಜಗಳ ಎಲ್ಲಾ ಬರುತ್ತದೆ. ಸತ್ತವರ ಪರವಾಗಿ ಯಾರೋ ನಿಂತಿದ್ದಾರೆ ಅನ್ನುವ ಸಮಾಧಾನ ಪ್ರತಿ ವಾರ ಸಿಗುತ್ತಿತ್ತು. ನನ್ನನ್ನು ಹಿಡಿದಿಟ್ಟಿದ್ದು ಅದೇ.

ನಾನು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಸಿಐಡಿಯಲ್ಲಿ ಹೆಣ ತಪಾಸಣೆ ಮಾಡುವ ಡಾಕ್ಟರ್ ಸಾಳುಂಕೆಯನ್ನು ನೋಡಿ ನೋಡಿಯೇ ಈ ಕೋರ್ಸಿಗೆ ಸೇರಿದ್ದು. ನಮ್ಮಲ್ಲಿ ರಕ್ತ ತೆಗೆದ ಕೂಡಲೇ, ಪೇಷಂಟ್ ಎದುರಿಗೇ, ಟ್ಯೂಬಿಗೆ ಹೆಸರು, ವಯಸ್ಸು, ನಂಬರ್ ಹಚ್ಚಬೇಕು. ನೇರಳೆ ಮುಚ್ಚಳದ ಟ್ಯೂಬ್ ಆದರೆ ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗೆ ಮಾಡಿ ಇಡಬೇಕು. ಇಲ್ಲದಿದ್ದರೆ ರಕ್ತ ಗಡ್ಡೆ ಕಟ್ಟುತ್ತದೆ. ಹೆಸರಿಲ್ಲದ ಟ್ಯೂಬ್ ಬಂದರೆ ಅದರಲ್ಲಿ ರಕ್ತ ಎಷ್ಟೇ ಚೆನ್ನಾಗಿದ್ದರೂ ಮುಟ್ಟುವ ಹಾಗಿಲ್ಲ, ಮತ್ತೆ ತೆಗೆಯಬೇಕು. ಹೊಸದಾಗಿ ಬಂದ ಹುಡುಗಿಯರಿಗೆ ಇದನ್ನು ಹೇಳಿಕೊಡುವಾಗೆಲ್ಲಾ ನನಗೆ ಸಾಳುಂಕೆ ನೆನಪಾಗುತ್ತಾರೆ.

ಸಾಳುಂಕೆ ಪಾತ್ರದ ನರೇಂದ್ರ ಗುಪ್ತ, ಪ್ರದ್ಯುಮನ್ ಪಾತ್ರದ ಶಿವಾಜಿ ಸಾಟಮ್, ಇವರಿಬ್ಬರ ಜಗಳ ಎಷ್ಟು ಚೆಂದ! ಎಸಿಪಿಗೆ ಅವಸರ. ಡಾಕ್ಟರ್ ಬೇಕಂತಲೇ ಎಳೆದು ಎಳೆದು ಹೇಳುತ್ತಾರೆ. ಇಬ್ಬರೂ ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ. ಆದರೆ ರಿಪೋರ್ಟ್ ಓದುವ ಗಳಿಗೆಗೆ ಇಬ್ಬರ ಮುಖವೂ ಗಂಭೀರ. ಹಳೇ ಗೆಳೆಯರು ಹಾಗೇ ಅಲ್ವಾ? ಮತ್ತೆ ತಂಡದಲ್ಲಿ ಎಲ್ಲರನ್ನೂ ನಗಿಸುವ ಫ್ರೆಡ್ರಿಕ್ಸ್. ಆ ಪಾತ್ರ ಮಾಡಿದ ದಿನೇಶ್ ಫಡ್ನಿಸ್ 2023ರ ಡಿಸೆಂಬರ್ 5ಕ್ಕೆ ತೀರಿಕೊಂಡರು ಅಂತ ಸುದ್ದಿ ಬಂದಾಗ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಕೆಲಸ ಬಿಟ್ಟು ಒಂದು ಗಳಿಗೆ ಸುಮ್ನೆ ನಿಂತೆವು. ಮನೆಯವರೇ ಹೋದಷ್ಟು ಸಂಕಟ ಆಯಿತು.

ಹೇಳಿ, ಯಾವುದರಿಂದ ಶುರು ಮಾಡಲಿ?

ಹುಮನಾಬಾದ್ ಕ್ಯಾಮೆರಾ (ಬೀದರ್):

ಅಕ್ಕಾ, ನನ್ನ ಉತ್ತರ ಸೀದಾ: 'ಇನ್ಹೆರಿಟೆನ್ಸ್'. 2004ರ ನವೆಂಬರ್ 7ಕ್ಕೆ ಬಂದಿತ್ತು. 111 ನಿಮಿಷ, ಒಂದೇ ಒಂದು ಕಟ್ ಇಲ್ಲ. ಗಿನ್ನೆಸ್ ಮತ್ತು ಲಿಮ್ಕಾ ದಾಖಲೆ ಪುಸ್ತಕ ಎರಡರಲ್ಲೂ ಸೇರಿತು.

ನಾನು ಮದುವೆ ವಿಡಿಯೋ ಮಾಡುವವನು, ಹಾಗಾಗಿ ಇದರ ಕಷ್ಟ ಗೊತ್ತು. ಅಕ್ಷತೆ ಕಾಳಿನಿಂದ ಊಟದ ಪಂಕ್ತಿ ತನಕ ಕ್ಯಾಮೆರಾ ನಿಲ್ಲಿಸದೇ ಹೋಗು ಅಂದ್ರೆ ನನಗೆ ಬೆವರು ಬರುತ್ತದೆ. ಇಲ್ಲಿ ಕಲಾವಿದರೆಲ್ಲಾ ಸರಿಯಾದ ಹೊತ್ತಿಗೆ ಸರಿಯಾದ ಬಾಗಿಲಲ್ಲಿ ಬರಬೇಕು. ಕೋಣೆಯಿಂದ ಕೋಣೆಗೆ ಹೋದಾಗ ಬೆಳಕು ಬದಲಾಗುತ್ತದೆ. ನೂರನೇ ನಿಮಿಷದಲ್ಲಿ ಒಬ್ಬ ಮಾತು ಮರೆತರೆ ಮತ್ತೆ ಮೊದಲಿನಿಂದ. ಇದನ್ನು ಮಾಡಿಸಿದ ಸಿಐಡಿ ನಿರ್ದೇಶಕ ಬಿ. ಪಿ. ಸಿಂಗ್ ಮುಂಚೆ ಮುಂಬೈ ದೂರದರ್ಶನದಲ್ಲಿ ಸುದ್ದಿ ಕ್ಯಾಮೆರಾಮನ್ ಆಗಿದ್ದವರು. ಸುದ್ದಿ ಹಿಡಿಯುವವನಿಗೆ ಎರಡನೇ ಟೇಕ್ ಸಿಗುವುದಿಲ್ಲ. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂದಿದೆ ಅಂತ ನನ್ನ ಭಾವನೆ.

ನಮ್ಮ ಬೀದರ್ ಕಡೆ ಮರಾಠಿ ನೋಡುವ ಹಿರಿಯರಿಗೆ ಇನ್ನೊಂದು ವಿಷಯ ಗೊತ್ತು. ಸಿಐಡಿಗೂ ಮುಂಚೆ ಇದೇ ಸಿಂಗ್, ಇದೇ ಸಾಟಮ್ ಸೇರಿ ಮರಾಠಿಯಲ್ಲಿ 'ಏಕ್ ಶೂನ್ಯ ಶೂನ್ಯ' ಮಾಡಿದ್ದರು. ಹೆಸರೇ ಪೊಲೀಸ್ ನಂಬರ್ 100. ನಮ್ಮ ಕಾಕಾ ಸಿಐಡಿಯ ಮೊದಲ ವಾರವೇ "ಇವನು ಅದೇ ಪೊಲೀಸ್ ನೋಡು" ಅಂತ ಗುರುತು ಹಿಡಿದಿದ್ದರಂತೆ.

ನಿಮ್ಮ ಹುಡುಗ ಮೊಬೈಲಿನಲ್ಲಿ ರೀಲ್ಸ್ ನೋಡುವವನಲ್ವಾ? ಕಟ್ ಇಲ್ಲದ 111 ನಿಮಿಷ ಅವನಿಗೆ ದಂಗು ಬಡಿಸುತ್ತದೆ.

ಆಳಂದ ರೋಡ್ (ಕಲಬುರಗಿ):

ಹುಮನಾಬಾದ್ ತಮ್ಮಾ, ನೀನು ಹೇಳಿದ್ದು ದೊಡ್ಡ ಕೆಲಸವೇ, ಒಪ್ಪಿದೆ. ಆದರೆ ಅದನ್ನು ಮೊದಲು ತೋರಿಸಬೇಡಿ. ಆ ಹುಡುಗನಿಗೆ ಈ ಜನ ಯಾರೂ ಗೊತ್ತಿಲ್ಲ. ಗೊತ್ತಿಲ್ಲದವರ ಹಿಂದೆ 111 ನಿಮಿಷ ಯಾಕೆ ನಡೆಯಬೇಕು?

ಮೊದಲು ನಕುಲ್ ಕಥೆ ತೋರಿಸಿ. ಪ್ರದ್ಯುಮನ್ ಮಗ ದಾರಿ ತಪ್ಪಿ ಅಪರಾಧಿಗಳ ಜೊತೆ ಸೇರುತ್ತಾನೆ, ಕೊನೆಗೆ ಅಪ್ಪನೇ ಅವನ ಮೇಲೆ ಗುಂಡು ಹಾರಿಸಬೇಕಾಗುತ್ತದೆ. ಬೆರಳು ತಿರುಗಿಸುವ ಮೀಮ್ ನೋಡಿ ನಗುವ ಹುಡುಗ ಆ ಮನುಷ್ಯ ಏನು ಕಳೆದುಕೊಂಡಿದ್ದಾನೆ ಅಂತ ನೋಡಲಿ. ಸಾಟಮ್ ನಟನಾಗುವ ಮುಂಚೆ ಸೆಂಟ್ರಲ್ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಅವರ ಎಸಿಪಿಯಲ್ಲಿ ಹೀರೋ ಠೀವಿ ಇಲ್ಲ, ಆಫೀಸಿಗೆ ಟೈಮಿಗೆ ಸರಿಯಾಗಿ ಬರುವ ಹಿರಿಯನ ಗತ್ತು ಇದೆ. ನನಗೆ ಅದೇ ಇಷ್ಟ.

ಆಮೇಲೆ ಅಭಿಜೀತ್ ನೆನಪು ಕಳೆದುಕೊಂಡ ಕಥೆಗಳು. ಆ ಪಾತ್ರದ ಆದಿತ್ಯ ಶ್ರೀವಾಸ್ತವ ಮಾತಿಲ್ಲದೇ ಕಣ್ಣಲ್ಲೇ ಮಾಡಿದ್ದಾರೆ. ಅವನು ಯಾರು ಅಂತ ಅವನಿಗೇ ಸರಿಯಾಗಿ ಗೊತ್ತಿಲ್ಲ. ಅಂಥವನನ್ನು ದಯಾ ಒಂದು ಪ್ರಶ್ನೆ ಕೇಳದೇ ನಂಬುತ್ತಾನೆ. ದಯಾ ಅಂದ್ರೆ ಬಾಗಿಲು ಅಲ್ಲ, ಈ ನಂಬಿಕೆ. ದಯಾ ಪಾತ್ರದ ದಯಾನಂದ ಶೆಟ್ಟಿ ನಮ್ಮ ರಾಜ್ಯದ ಉಡುಪಿ ಕಡೆಯ ತುಳು ಮನೆತನದವರು, ಡಿಸ್ಕಸ್ ಎಸೆಯುತ್ತಿದ್ದ ಕ್ರೀಡಾಪಟು ಅಂತ ನಿಮ್ಮ ಹುಡುಗನಿಗೆ ಹೇಳಿ, ಖುಷಿ ಪಡ್ತಾನೆ. ಇನ್ಸ್‌ಪೆಕ್ಟರ್ ವಿವೇಕ್ ಆಗಿದ್ದ ವಿವೇಕ್ ಮಶ್ರು ನಟನೆ ಬಿಟ್ಟು ಬೆಂಗಳೂರಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಹೋದರು, ಅದನ್ನೂ ಹೇಳಿ.

ಯಾದಗಿರಿ ವಕೀಲ:

ಅಕ್ಕಾವ್ರೇ, ಎಪಿಸೋಡ್ ಹೆಸರು ನನಗಿಂತ ಇವರಿಗೆ ಚೆನ್ನಾಗಿ ಗೊತ್ತು. ಹುಡುಗ ನೋಡುವಾಗ ಪಕ್ಕದಲ್ಲಿ ಕೂತು ನೀವು ಎರಡು ಮಾತು ಹೇಳಬೇಕು ಅಂತ ಇದು ಬರೆಯುತ್ತಿದ್ದೇನೆ. ನಾನು ಕ್ರಿಮಿನಲ್ ಕೇಸ್ ನಡೆಸುವವನು, ಸಿಐಡಿಯನ್ನು ಇವತ್ತಿಗೂ ಪ್ರೀತಿಯಿಂದ ನೋಡುತ್ತೇನೆ.

ಒಂದು, ಕೊನೆಗೆ ಕಪಾಳಕ್ಕೆ ಬಿದ್ದ ಮೇಲೆ ಆರೋಪಿ ಎಲ್ಲಾ ಒಪ್ಪಿಕೊಳ್ಳುತ್ತಾನಲ್ಲ, ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿ ವಿರುದ್ಧ ಸಾಕ್ಷ್ಯ ಮಾಡುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿ ಇತ್ತು, ಈಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೆ. ಹೊಡೆದು ಬಾಯಿ ಬಿಡಿಸಬಾರದು ಅಂತಲೇ ಈ ನಿಯಮ. ಹುಡುಗನಿಗೆ ಇದು ಗೊತ್ತಿರಲಿ.

ಎರಡು, ಸಾಳುಂಕೆ ಒಬ್ಬರೇ ಮಾಡುವ ಕೆಲಸವನ್ನು ನಿಜದಲ್ಲಿ ಬೇರೆ ಬೇರೆ ಜನ ಮಾಡುತ್ತಾರೆ. ಪೋಸ್ಟ್‌ಮಾರ್ಟಂ ಮಾಡುವುದು ಆಸ್ಪತ್ರೆಯ ಡಾಕ್ಟರ್. ವಿಷದ ಸಂಶಯ ಇದ್ದರೆ ಹೊಟ್ಟೆ, ಕರುಳು, ಯಕೃತ್ತು, ಮೂತ್ರಪಿಂಡದ ಭಾಗಗಳನ್ನು ಬೇರೆ ಬೇರೆ ಬಾಟಲಿಗೆ ಹಾಕುತ್ತಾರೆ. ಸಾಮಾನ್ಯವಾಗಿ ಉಪ್ಪು ಇನ್ನು ಕರಗುವುದಿಲ್ಲ ಅನ್ನುವಷ್ಟು ಉಪ್ಪು ಬೆರೆಸಿದ ನೀರು ತುಂಬಿ, ಮುಚ್ಚಳ ಬಿಗಿದು, ಬಟ್ಟೆ ಸುತ್ತಿ, ಅರಗು ಕರಗಿಸಿ ಸೀಲ್ ಒತ್ತುತ್ತಾರೆ. ಸೀಲಿನ ಮಾದರಿಯನ್ನು ಬೇರೆ ಕಾಗದದಲ್ಲಿ ಕಳಿಸುತ್ತಾರೆ. ಲ್ಯಾಬಿನವರು ಎರಡನ್ನೂ ಹೋಲಿಸಿ ನೋಡಿಯೇ ಬಾಟಲಿ ತೆರೆಯುವುದು. ಸೀಲ್ ಸರಿ ಇಲ್ಲದಿದ್ದರೆ ನಮ್ಮಂಥ ವಕೀಲರು ಅದನ್ನೇ ಹಿಡಿದುಕೊಳ್ಳುತ್ತೇವೆ. ನಿಮ್ಮ ಟ್ಯೂಬಿನ ಮೇಲಿನ ಹೆಸರಿನ ಮಾತು ಓದಿ ನನಗೆ ಈ ಅರಗಿನ ಸೀಲೇ ಕಣ್ಣ ಮುಂದೆ ಬಂತು.

ಈ ಲ್ಯಾಬ್ ಎಲ್ಲೋ ಮುಂಬೈಯಲ್ಲಿ ಮಾತ್ರ ಇದೆ ಅಂತಲ್ಲ. ಕಲಬುರಗಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ (ಫೊರೆನ್ಸಿಕ್) ಪ್ರಯೋಗಾಲಯ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ, ತನಿಖೆ-ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧ ನಡೆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬರಬೇಕು. ಇದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷ ಸಮಯ ಇದೆ. ಸಾಕ್ಷಿ ಮಾತು ಬದಲಿಸಬಹುದು, ಆದರೆ ರಕ್ತದ ಕಲೆ ಬದಲಿಸುವುದಿಲ್ಲ ಅನ್ನುವುದನ್ನು ನಮ್ಮ ಹಳ್ಳಿ ಮಂದಿಗೆ ಮೊದಲು ಕಲಿಸಿದ್ದು ಸಿಐಡಿ. ಇವತ್ತು ನನ್ನ ಕಕ್ಷಿದಾರರೇ "ಡಿಎನ್‌ಎ ಮಾಡಿಸ್ರಿ ಸಾಹೇಬ್ರ" ಅಂತಾರೆ.

ಬ್ರಹ್ಮಪುರದಾಕಿ:

ವಕೀಲ ಸಾಹೇಬ್ರೇ, ಅರಗಿನ ಸೀಲ್ ವಿಷಯ ಎರಡು ಸಲ ಓದಿದೆ. ನಾಳೆ ಲ್ಯಾಬಿನಲ್ಲಿ ಹುಡುಗಿಯರಿಗೂ ಓದಿ ಹೇಳುತ್ತೇನೆ.

ಆಳಂದ ರೋಡ್ ಅಣ್ಣಾ, ನಿಮ್ಮ ಮಾತು ಸರಿ ಅನಿಸಿತು. ಮೊದಲು ನಕುಲ್ ಕಥೆ, ಆಮೇಲೆ ಅಭಿಜೀತ್, ಅವನಿಗೆ ರುಚಿ ಹತ್ತಿದ ಮೇಲೆ 'ಇನ್ಹೆರಿಟೆನ್ಸ್'. ಅವನು ಇವತ್ತೇ ಇನ್ನೊಂದು ಕೇಳಿದ: 2018ರ ಅಕ್ಟೋಬರ್ 27ಕ್ಕೆ 1547 ಎಪಿಸೋಡ್ ಮುಗಿಸಿ ನಿಂತಿದ್ದು 2024ರ ಡಿಸೆಂಬರ್ 21ಕ್ಕೆ ಮತ್ತೆ ಶುರುವಾಯಿತಲ್ಲ, ಆ ಹೊಸದರಿಂದ ನೋಡಬಾರದಾ ಅಂತ. ಹೊಸದು ನೆಟ್‌ಫ್ಲಿಕ್ಸ್‌ನಲ್ಲೂ ಸಿಗುತ್ತದೆ, ಅವನಿಗೆ ಅದೇ ಕೈಗೆ ಹತ್ತಿರ. ನಿಮಗೇನು ಅನಿಸುತ್ತದೆ?

ಆಳಂದ ರೋಡ್ (ಕಲಬುರಗಿ):

ಬೇಡ ತಂಗಿ. ಹೊಸದರಲ್ಲಿ ಅಭಿಜೀತ್-ದಯಾ ಒಬ್ಬರ ಮೇಲೊಬ್ಬರು ಬಂದೂಕು ಹಿಡಿಯುತ್ತಾರೆ, ಪ್ರದ್ಯುಮನ್ ಸತ್ತ ಅಂತಲೂ ತೋರಿಸುತ್ತಾರೆ. ಹಳೇದು ನೋಡದವನಿಗೆ ಅದರ ನೋವು ತಟ್ಟುವುದಿಲ್ಲ. ಹಳೇವು ಸೋನಿ ಲಿವ್‌ನಲ್ಲಿ ಇವೆ, ಯೂಟ್ಯೂಬಿನಲ್ಲೂ ಬಹಳ ಸಿಗುತ್ತವೆ. ಅಲ್ಲಿಂದ ಹಚ್ಚಿ.

ಹುಮನಾಬಾದ್ ಕ್ಯಾಮೆರಾ (ಬೀದರ್):

ಆಯ್ತು, ನಕುಲ್ ಮೊದಲು ಇರಲಿ. ಆದರೆ 'ಇನ್ಹೆರಿಟೆನ್ಸ್' ಮೊಬೈಲಿನಲ್ಲಿ ಬೇಡ ಅಕ್ಕಾ, ಟಿವಿಗೇ ಹಚ್ಚಿ. ಹುಡುಗ ಯಾವ ನಿಮಿಷದಲ್ಲಿ "ಕಟ್ ಎಲ್ಲಿ?" ಅಂತ ಕೇಳಿದ ಅಂತ ಇಲ್ಲಿ ಬಂದು ಬರೀರಿ.