ಅಪ್‌ಡೇಟ್: 1 ಇಂಚ್ ಸೆನ್ಸರ್ ಲೆಕ್ಕ ಕೊನೆಗೂ ಅರ್ಥ ಆಯ್ತು

ಕ್ಯಾಮೆರಾದಲ್ಲಿ 1 ಇಂಚ್ ಸೆನ್ಸರ್ (ಚಿತ್ರ ಹಿಡಿಯೋ ಚಿಪ್) ಅಂತ ಬರ್ದಿದ್ರೂ ಅದರ ಅಳತೆ 1 ಇಂಚು, ಅಂದ್ರೆ 25.4 ಮಿ.ಮೀ. ಯಾಕೆ ಬರಲ್ಲ ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟೋರಿಗೆಲ್ಲ ತುಂಬಾ ಥ್ಯಾಂಕ್ಸ್. ವಿಷಯ ಏನಂದ್ರೆ ಆ ಇಂಚು ಹಳೇ ಟಿವಿ ಕ್ಯಾಮೆರಾಗಳ ವಿಡಿಕಾನ್ ಟ್ಯೂಬಿನ (ಆಗ ಸೆನ್ಸರ್ ಕೆಲಸ ಮಾಡ್ತಿದ್ದ ಕೊಳವೆ) ಗಾಜಿನ ಹೊರ ವ್ಯಾಸದ್ದಂತೆ, ಒಳಗೆ ಚಿತ್ರ ಬೀಳ್ತಿದ್ದ ಜಾಗದ ಕರ್ಣ ಅದರ ಮೂರನೇ ಎರಡು ಭಾಗದಷ್ಟೇ, ಟ್ಯೂಬ್ ಹೋಗಿ ಎಷ್ಟೋ ಕಾಲ ಆದ್ರೂ ಆ ಲೆಕ್ಕ ಮಾತ್ರ ಹಾಗೇ ಉಳ್ಕೊಂಡಿದೆ. ಹಂಗಾಗಿ 1 ಇಂಚ್ ಸೆನ್ಸರ್ ನಿಜಕ್ಕೂ 13.2 × 8.8 ಮಿ.ಮೀ., ಕರ್ಣ 16ರ ಹತ್ತಿರ. ಅದಕ್ಕಿಂತ ಚಿಕ್ಕ 1/2.3 ಇಂಚ್ ಸೆನ್ಸರ್ ಅಂದ್ರೆ ಸುಮಾರು 6.2 × 4.6 ಮಿ.ಮೀ., ಏರಿಯಾದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ! ಇಷ್ಟು ದೊಡ್ಡ ವಿಷಯ ಹೆಸರಲ್ಲಿ ಗೊತ್ತೇ ಆಗಲ್ಲ ಅನ್ನೋದು ಬೇಜಾರು, ಕಂಪನಿಗಳು ಬಾಕ್ಸ್ ಮೇಲೆ ಮಿ.ಮೀ.ನಲ್ಲೇ ದೊಡ್ಡದಾಗಿ ಬರೀಬೇಕು. ಎಪಿಎಸ್-ಸಿನೂ (1 ಇಂಚಿಗಿಂತ ದೊಡ್ಡ ಇನ್ನೊಂದು ಸೆನ್ಸರ್ ಸೈಜ್) ಕ್ಯಾನನ್‌ದು ಸೋನಿಗಿಂತ ಸ್ವಲ್ಪ ಚಿಕ್ಕದು, ಅದನ್ನೂ ನೋಡ್ಕೊಳ್ಳಿ.